ವಠಾರದಿಂದ ಹೊರಟ ಟ್ಯಾಂಗೊ

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ದಕ್ಷಿಣದ ಅಂಚಿನಲ್ಲಿ ಲಾ ಬೋಕಾ ಎಂಬ ಹಳೆಯ ಬಂದರು ಬಡಾವಣೆಯಿದೆ. ಸ್ಪಾನಿಷ್ ಭಾಷೆಯಲ್ಲಿ ಬೋಕಾ ಎಂದರೆ ಬಾಯಿ. ರಿಯಾಚುಯೆಲೊ ಎಂಬ ಸಣ್ಣ ನದಿ ಸಮುದ್ರದಷ್ಟು ವಿಶಾಲವಾದ ಲಾ ಪ್ಲಾಟಾ ನದಿಯನ್ನು ಸೇರುವುದು ಇಲ್ಲೇ. ಇಲ್ಲಿನ ಕಮಿನಿತೊ ಓಣಿಯ ಮನೆಗಳಿಗೆ ತಗಡಿನ ಗೋಡೆ. ಒಂದು ನೀಲಿ, ಒಂದು ಹಳದಿ, ಇನ್ನೊಂದು ಕೆಂಪು. ಹಡಗಿಗೆ ಬಳಿದು ಮಿಕ್ಕ ಬಣ್ಣವನ್ನೇ ಬಡವರು ಮನೆಗೆ ಬಳಿಯುತ್ತಿದ್ದರಂತೆ. ಇಂದು ಅಲ್ಲಿ ಹೋಟೆಲುಗಳ ಮುಂದೆ ಪ್ರವಾಸಿಗರಿಗಾಗಿ ಜೋಡಿಗಳು ಟ್ಯಾಂಗೊ ಕುಣಿಯುತ್ತವೆ. ಓಣಿಗೆ ಕಮಿನಿತೊ ಎಂಬ ಹೆಸರು ಬಂದದ್ದೂ ಒಂದು ಟ್ಯಾಂಗೊ ಹಾಡಿನಿಂದಲೇ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿ, ಸ್ಪೇನ್‌ಗಳಿಂದ ಲಕ್ಷಾಂತರ ಜನ ಹೊಟ್ಟೆಪಾಡಿಗಾಗಿ ಈ ದೇಶಕ್ಕೆ ಬಂದಿಳಿದರು. 1914ರ ಜನಗಣತಿಯ ವೇಳೆಗೆ ನಗರದ ಸುಮಾರು ಅರ್ಧದಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಅವರಲ್ಲಿ ಊರಲ್ಲಿ ಮನೆಮಂದಿಯನ್ನು ಬಿಟ್ಟು ಬಂದ ಗಂಡಸರೇ ಹೆಚ್ಚು. ನಡುವೆ ಅಂಗಳ, ಸುತ್ತ ಕೋಣೆಗೊಂದು ಸಂಸಾರ. ನಮ್ಮ ಹಳೆಯ ವಠಾರಗಳಂಥ ಮನೆಗಳಲ್ಲಿ ಅವರ ವಾಸ. ಆಫ್ರಿಕಾ ಮೂಲದವರ ತಾಳ, ಕ್ಯೂಬಾದ ಹಬನೇರಾ ಲಯ, ಹುಲ್ಲುಗಾವಲಿನ ದನಗಾಹಿಗಳ ಮಿಲೋಂಗಾ ಹಾಡು ಈ ಜನರ ನಡುವೆ ಕಲೆತು ಟ್ಯಾಂಗೊ ಆಯಿತು. ನದಿಯಾಚೆಯ ಉರುಗ್ವೆಯ ಮಾಂಟೆವಿಡಿಯೊ ನಗರವೂ ಇದರ ತವರೇ.

ಕೊಳಲು, ಪಿಟೀಲು, ಗಿಟಾರ್‌ಗಳ ಜೊತೆಗೆ ಜರ್ಮನಿಯಿಂದ ಬ್ಯಾಂಡೋನಿಯನ್ ಬಂದು ಸೇರಿತು. ಇದು ಹಾರ್ಮೋನಿಯಂನ ದೂರದ ನೆಂಟ. ಎರಡರಲ್ಲೂ ತಿದಿಯ ಗಾಳಿ ಲೋಹದ ತೆಳು ನಾಲಿಗೆಗಳನ್ನು ಕಂಪಿಸಿ ನಾದ ಹೊರಡಿಸುತ್ತದೆ. ಆದರೆ ಇದರಲ್ಲಿ ಹೆಚ್ಚಿನ ಗುಂಡಿಗಳು ತಿದಿಯನ್ನು ಹಿಗ್ಗಿಸಿದಾಗ ಒಂದು ಸ್ವರ, ಕುಗ್ಗಿಸಿದಾಗ ಬೇರೊಂದು ಸ್ವರ ನುಡಿಯುತ್ತವೆ! ಕಲಿಯುವುದು ಬಲು ಕಷ್ಟ. ಚುರುಕಾಗಿದ್ದ ಟ್ಯಾಂಗೊ ನಿಧಾನವಾಗಿ, ಅದರಲ್ಲಿ ವಿಷಾದ ತುಂಬಿದ್ದು ಈ ವಾದ್ಯ ಬಂದ ಮೇಲೆ.

ಮರ್ಯಾದಸ್ಥರ ಮನೆಗಳಲ್ಲಿ ಈ ಕುಣಿತದ ಹೆಸರೆತ್ತುವಂತಿರಲಿಲ್ಲ. ಆದರೆ 1913ರ ಹೊತ್ತಿಗೆ ಪ್ಯಾರಿಸ್ಸಿಗೆ ಟ್ಯಾಂಗೊ ಹುಚ್ಚು ಹಿಡಿಯಿತು. ಅದೇ ವರ್ಷ ಜರ್ಮನಿಯ ಚಕ್ರವರ್ತಿ, ಸಮವಸ್ತ್ರದಲ್ಲಿದ್ದ ಸೇನಾಧಿಕಾರಿಗಳು ಟ್ಯಾಂಗೊ ಕುಣಿಯಕೂಡದೆಂದು ಆಜ್ಞೆ ಹೊರಡಿಸಿದ. ಹೊರಗಿನವರು ಮೆಚ್ಚಿದ ಮೇಲೆಯೇ ತವರಿನ ಸಿರಿವಂತರೂ ಅದಕ್ಕೆ ಬಾಗಿಲು ತೆರೆದದ್ದು. 1917ರಲ್ಲಿ ಕಾರ್ಲೋಸ್ ಗಾರ್ಡೆಲ್ ಧ್ವನಿಮುದ್ರಿಸಿದ ಹಾಡು ಕುಣಿತದ ಸಂಗೀತಕ್ಕೆ ಕತೆ ಹೇಳುವ ಮಾತು ಕೊಟ್ಟಿತು. 1935ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಅವನು ತೀರಿಕೊಂಡಾಗ ಇಡೀ ಖಂಡವೇ ಕಣ್ಣೀರಿಟ್ಟಿತು. 2009ರಲ್ಲಿ ಯುನೆಸ್ಕೊ ಟ್ಯಾಂಗೊವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನೃತ್ಯಶಾಲೆಗಳಲ್ಲಿ ರಾತ್ರಿಯ ಕೊನೆಯ ಕುಣಿತಕ್ಕೆ ವಾಡಿಕೆಯಂತೆ ನುಡಿಸುವುದು 'ಲಾ ಕುಂಪಾರ್ಸಿತಾ'. ಶತಮಾನದ ಹಿಂದೆ ಅದನ್ನು ರಚಿಸಿದವನು ಮಾಂಟೆವಿಡಿಯೊದ ಗೆರಾರ್ಡೊ ಮಾತೋಸ್ ರೋಡ್ರಿಗೆಸ್ ಎಂಬ ಹುಡುಗ; ಆಗಿನ್ನೂ ವಾಸ್ತುಶಿಲ್ಪದ ವಿದ್ಯಾರ್ಥಿ. 1998ರಲ್ಲಿ ಉರುಗ್ವೆ ಕಾನೂನು ಮಾಡಿ ಅದನ್ನು ತನ್ನ ಸಾಂಸ್ಕೃತಿಕ ಗೀತೆಯೆಂದು ಸಾರಿತು. ಮಕ್ಕಳ ಕೋಣೆಯಿಂದ ಹೊಸ ಹಾಡಿನ ಅಬ್ಬರ ಕೇಳಿಸಿದಾಗ, ಬಾಗಿಲು ಬಡಿಯುವ ಮುನ್ನ ಹಿರಿಯರು ಈ ಹುಡುಗನನ್ನು ಒಮ್ಮೆ ನೆನೆಯಬಹುದು.