ನಲವತ್ತಮೂರನೆಯ ಮನೆ

ನಾನು ಬಿ.ಎ., ಬಿ.ಎಡ್. ಮಾಡಿದವಳು, ಕನ್ನಡ, ಸಮಾಜ ಪಾಠ ಹೇಳುವವಳು. ವಿಜ್ಞಾನದ ಮೇಷ್ಟರು ರಜೆ ಹಾಕಿದಾಗ ಅವರ ತರಗತಿ ನನ್ನ ಪಾಲಿಗೆ ಬರುತ್ತಿತ್ತು. ಅಲ್ಲಿ ಗೋಡೆಯ ಮೇಲೆ ಧಾತುಗಳ ಆವರ್ತ ಕೋಷ್ಟಕ. ಚೌಕಾಬಾರದ ಹಾಗೆ ಬರೀ ಮನೆಗಳು. 43ನೆಯ ಮನೆಯಲ್ಲಿ ಯಾರಿದ್ದಾರೆಂದು ನಾನು ಒಮ್ಮೆಯೂ ನೋಡಿರಲಿಲ್ಲ. 2022ರಲ್ಲಿ ಆ ಮನೆಯವರೇ ನನ್ನ ಮೈಯೊಳಕ್ಕೆ ಬಂದರು.

ಎದೆಯ ಗಂಟಿಗೆ ಆಪರೇಷನ್ ಆಗಿತ್ತು. ರೋಗ ಮೂಳೆಗೆ ಹರಡಿದೆಯೋ ಏನೋ, ಬೋನ್ ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರು. ಮಗಳು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಸೂಜಿ ಚುಚ್ಚಿದ ಹುಡುಗಿಯನ್ನು "ಇದೇನಮ್ಮಾ?" ಎಂದು ಕೇಳಿದೆ.

"ಟೆಕ್ನೀಷಿಯಮ್ ಆಂಟಿ. ಈಗ ತಾನೇ ಕರೆದದ್ದು" ಎಂದು ನಕ್ಕಳು.

ಕರೆಯುವುದಕ್ಕೆ ಇದೇನು ಹಾಲೇ? ಸ್ಕ್ಯಾನಿಗೆ ಮೂರು ಗಂಟೆ ಕಾಯಬೇಕಿತ್ತು. ಬಿಡುವಾದಾಗ ಅವಳೇ ಬಿಡಿಸಿ ಹೇಳಿದಳು. ಸೀಸದ ಕವಚದೊಳಗೆ ಮಾಲಿಬ್ಡಿನಮ್ ಇಟ್ಟಿರುತ್ತಾರೆ. ಅದು 66 ಗಂಟೆಗೊಮ್ಮೆ ಅರ್ಧ ಅರ್ಧವಾಗುತ್ತಾ ಟೆಕ್ನೀಷಿಯಮ್ ಆಗುತ್ತದೆ. ಬೆಳಿಗ್ಗೆ ಉಪ್ಪುನೀರು ಹಾಯಿಸಿದರೆ ಟೆಕ್ನೀಷಿಯಮ್ ಮಾತ್ರ ಇಳಿದು ಬರುತ್ತದೆ. ಆ ಡಬ್ಬಿಗೆ ಅವರು ಹಸು ಎಂದೇ ಹೇಳುವುದು! ವಾರದೊಳಗೆ ಬತ್ತುತ್ತದೆ, ಹೊಸ ಹಸು ಬರಬೇಕು. ಮೂಳೆಗೆ ಅಂಟುವ ಔಷಧದ ಜೊತೆ ಇದನ್ನು ಸೇರಿಸಿ ಕೊಟ್ಟರೆ, ಮೂಳೆಯಲ್ಲಿ ಎಲ್ಲಿ ರಿಪೇರಿ ಜೋರಾಗಿ ನಡೆದಿದೆಯೋ ಅಲ್ಲಿ ಹೆಚ್ಚು ಸೇರಿ, ತನ್ನ ಗಾಮಾ ಕಿರಣದಿಂದ ಕ್ಯಾಮೆರಾಕ್ಕೆ ಕಾಣಿಸಿಕೊಳ್ಳುತ್ತದೆ.

ಊರಿಗೆ ಬಂದಮೇಲೆ ನಮ್ಮ ಮೇಷ್ಟರನ್ನು ಪೀಡಿಸಿ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ರಷ್ಯಾದ ಮೆಂಡಲೀವ್ ಕೋಷ್ಟಕ ಬರೆದಾಗ ಮ್ಯಾಂಗನೀಸಿನ ಕೆಳಗಿನ ಮನೆ ಖಾಲಿ ಬಿಟ್ಟು, ಅಲ್ಲಿ ಬರಬೇಕಾದವನಿಗೆ 'ಏಕ-ಮ್ಯಾಂಗನೀಸ್' ಎಂದಿದ್ದನಂತೆ. ಏಕ ಎಂದರೆ ನಮ್ಮ ಸಂಸ್ಕೃತದ ಏಕವೇ. ಜನ ನೆಲದಲ್ಲಿ ಹುಡುಕಿದ್ದೇ ಹುಡುಕಿದ್ದು. ಸಿಗುವುದಾದರೂ ಹೇಗೆ? ಭೂಮಿಗೆ ವಯಸ್ಸು 450 ಕೋಟಿ ವರ್ಷ. ಇದರ ಅತ್ಯಂತ ದೀರ್ಘಾಯುಷಿ ರೂಪವೂ ಸುಮಾರು 42 ಲಕ್ಷ ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಎಂದೋ ಕರಗಿಹೋಗಿತ್ತು. 1937ರಲ್ಲಿ ಅಮೆರಿಕದ ಬರ್ಕ್ಲಿಯಿಂದ ಲಾರೆನ್ಸ್ ತನ್ನ ಸೈಕ್ಲೊಟ್ರಾನ್ ಯಂತ್ರದಲ್ಲಿ ಪೆಟ್ಟು ತಿಂದ ಮಾಲಿಬ್ಡಿನಮ್ ತಗಡೊಂದನ್ನು ಅಂಚೆಯಲ್ಲಿ ಇಟಲಿಗೆ ಕಳಿಸಿದ. ಪಲೆರ್ಮೊ ಊರಿನಲ್ಲಿ ಸೆಗ್ರೆ ಮತ್ತು ಪೆರಿಯರ್ ಅದರೊಳಗೆ 43ನೆಯವನನ್ನು ಕಂಡರು. ಮನುಷ್ಯ ಮಾಡಿದ ಮೊದಲ ಧಾತು. ಗ್ರೀಕಿನಲ್ಲಿ ಕೃತಕ ಎಂಬ ಮಾತಿನಿಂದಲೇ ಹೆಸರಿಟ್ಟರು.

"ಇವತ್ತೊಂದು ದಿನ ಎಳೆಮಗುವನ್ನು ಎತ್ತಿಕೊಳ್ಳಬೇಡಿ" ಎಂದು ಹುಡುಗಿ ಹೇಳಿದ್ದಳು. ಮಗಳ ಮನೆಯಲ್ಲಿ ಎಂಟು ತಿಂಗಳ ಮೊಮ್ಮಗ. ಕಂಡೊಡನೆ ಎರಡೂ ಕೈ ಚಾಚಿದ. ನಾನು ಕೋಣೆಯ ಬಾಗಿಲು ಹಾಕಿಕೊಂಡೆ. ಹೊರಗೆ ಅವನ ಅಳು, ಒಳಗೆ ನಾನು. ಮೂಳೆಯ ಭಯಕ್ಕೆ ಬಾರದ ಕಣ್ಣೀರು ಆಗ ಬಂತು.

ನಿದ್ದೆ ಬಾರದೆ ಲೆಕ್ಕ ಹಾಕಿದೆ. ನನಗೆ ಕೊಟ್ಟದ್ದು ಆರು ಗಂಟೆಗೊಮ್ಮೆ ಅರ್ಧವಾಗುವ ಜಾತಿ. ಹನ್ನೊಂದಕ್ಕೆ ಒಂದು ಸೇರು ಎಂದಿಟ್ಟುಕೊಂಡರೆ ಸಂಜೆ ಐದಕ್ಕೆ ಅರ್ಧ ಸೇರು. ರಾತ್ರಿ ಹನ್ನೊಂದಕ್ಕೆ ಪಾವು. ಬೆಳಗಿನ ಜಾವ ಐದಕ್ಕೆ ಅರೆಪಾವು. ನಾಳೆ ಹನ್ನೊಂದಕ್ಕೆ ಚಟಾಕು. ಕುಡಿದ ನೀರಿನ ಜೊತೆ ಹೋದದ್ದು ಬೇರೆ. ಅಮ್ಮ ಹಾಲು ಅಳೆಯುತ್ತಿದ್ದ ಲೆಕ್ಕವೇ!

ಮರುದಿನ ಹನ್ನೊಂದು ಹೊಡೆಯುವುದನ್ನೇ ಕಾದಿದ್ದು ಅವನನ್ನು ಎತ್ತಿಕೊಂಡೆ. ಮುನಿಸಿನಿಂದ ನನ್ನ ಕನ್ನಡಕ ಕಿತ್ತೆಸೆದ.

ಮೂರನೆಯ ದಿನ ರಿಪೋರ್ಟು ಬಂತು. ಮೂಳೆಗೆ ರೋಗ ಹರಡಿಲ್ಲ. ಎರಡು ಮಂಡಿಗಳಲ್ಲಿ ಮಾತ್ರ ಕಪ್ಪು, ಸವೆತವಂತೆ. ಇಪ್ಪತ್ತೇಳು ವರ್ಷ ಬೋರ್ಡಿನ ಮುಂದೆ ನಿಂತದ್ದು ಅದಕ್ಕೂ ಗೊತ್ತಾಗಿಬಿಟ್ಟಿತ್ತು.