ಸುಲಿಯೋ ಪದ, ಹೊಳೆಯೋ ಪದ



ಇವತ್ತು ಒಂದು ಇಂಗ್ಲಿಷ್ ಪದದ ಬಗ್ಗೆ ಬರೀತೀನಿ. 'ಕೊರಸ್ಕೇಟಿಂಗ್'. ದಿನಬಳಕೆಯಲ್ಲಿ ಕಿವಿಗೆ ಬೀಳೋದು ಅಪರೂಪ. ಪುಸ್ತಕ, ನಾಟಕಗಳ ವಿಮರ್ಶೆಯಲ್ಲಿ ಸಿಗುತ್ತೆ. ಲ್ಯಾಟಿನ್ ಮೂಲದ್ದು. ಅರ್ಥ, ಥಳಥಳಿಸುವ, ಮಿಂಚುವ. ಒಂದೇ ಸಮ ಉರಿಯೋ ದೀಪದ ಬೆಳಕಲ್ಲ. ಗಾಳಿ ಬೀಸಿದಾಗ ಕೆರೆ ನೀರು ಬಿಸಿಲಿಗೆ ಫಳಫಳ ಅನ್ನುತ್ತಲ್ಲ, ಅಂಥದ್ದು. ಚುರುಕು ಮಾತಿಗೆ, ಬುದ್ಧಿಗೆ, ಹಾಸ್ಯಕ್ಕೂ ಹೀಗೇ ಹೇಳ್ತಾರೆ.

ತಮಾಷೆ ಏನಂದ್ರೆ, ಬ್ರಿಟನ್ನಿನ ಪತ್ರಿಕೆಯವರೇ ಇದನ್ನ 'ಎಕ್ಸ್‌ಕೋರಿಯೇಟಿಂಗ್' ಅನ್ನೋ ಪದದ ಜೊತೆ ಕಲಸಿಬಿಡ್ತಾರೆ. ಯಾರನ್ನಾದರೂ ಹಿಗ್ಗಾಮುಗ್ಗಾ ಜಾಡಿಸಿದ್ರೆ ಅದನ್ನೂ 'ಕೊರಸ್ಕೇಟಿಂಗ್' ದಾಳಿ ಅಂತ ಬರೆಯೋದುಂಟು. ಆದರೆ ಆ ಎರಡನೇ ಪದದ ಹುಟ್ಟೇ ಬೇರೆ. ಲ್ಯಾಟಿನ್ನಿನಲ್ಲಿ 'ಕೋರಿಯಂ' ಅಂದ್ರೆ ತೊಗಲು. ಎಕ್ಸ್‌ಕೋರಿಯೇಟ್ ಅಂದ್ರೆ ತೊಗಲು ಸುಲಿಯೋದು.

ಸತ್ತ ದನದ ತೊಗಲು ಸುಲಿದವರನ್ನ ಊರಾಚೆ ಇಟ್ಟ ದೇಶ ನಮ್ಮದು. ಅದೇ ಕೆಲಸದ ಹೆಸರು ಅಲ್ಲಿ ಖಡಕ್ ಬರಹಕ್ಕೆ ಸಿಗೋ ಮೆಚ್ಚುಗೆ ಮಾತಾಗಿದೆ!

ನನ್ನ ತಕರಾರು ಬೇರೆ ಇದೆ. ನಮ್ಮವರು ಏನೇ ಬರೆಯಲಿ, ವೇದಿಕೆ ಮೇಲೆ ಸಿಗೋದು ಸುಲಿಯೋ ಜಾತಿಯ ಪದಗಳೇ: ಆಕ್ರೋಶ, ಸಿಟ್ಟು, ಚಾಟಿಯೇಟು. ಹೊಳಪು, ಚಾತುರ್ಯ, ಲವಲವಿಕೆ ಎಲ್ಲಾ ಬೇರೆಯವರಿಗೆ. ಈ ಮೀಸಲಾತಿ ಬಗ್ಗೆ ಮಾತ್ರ ಯಾರೂ ತಕರಾರು ಎತ್ತಲ್ಲ ನೋಡಿ.

ಬಾಬಾಸಾಹೇಬರ 'ಜಾತಿ ವಿನಾಶ'ವನ್ನೇ ತಗೊಳ್ಳಿ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅಧ್ಯಕ್ಷ ಭಾಷಣಕ್ಕೆ ಕರೆದರು, ಬರೆದದ್ದನ್ನ ಓದಿ ಬೆಚ್ಚಿ ಸಮ್ಮೇಳನವನ್ನೇ ರದ್ದು ಮಾಡಿದರು. 1936ರಲ್ಲಿ ಅವರು ಅದನ್ನ ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಸುಲಿಯೋದು ಇದೆ, ಇಲ್ಲ ಅನ್ನಲ್ಲ. ಆದರೆ ಎದುರಾಳಿಯ ಒಂದೊಂದೇ ವಾದ ಕೈಗೆತ್ತಿಕೊಂಡು, ಅವರದೇ ಶಾಸ್ತ್ರ, ಜಗತ್ತಿನ ಇತಿಹಾಸ ಮುಂದಿಟ್ಟು ತಿರುಗಿಸಿ ಹಾಕೋ ಆ ಜಾಣ್ಮೆ? ನಡುನಡುವೆ ಇಣುಕೋ ಆ ತಣ್ಣನೆ ವ್ಯಂಗ್ಯ? ಅದು ಬರೀ ಸಿಟ್ಟಲ್ಲ ಸ್ವಾಮಿ, ಅಪ್ಪಟ 'ಕೊರಸ್ಕೇಟಿಂಗ್'. ಆ ಪದದ ಸರಿಯಾದ ಅರ್ಥದಲ್ಲೇ.

ಸಿಟ್ಟು ಅಂತ ಹಣೆಪಟ್ಟಿ ಹಚ್ಚಿದರೆ ವಾದಕ್ಕೆ ಉತ್ತರ ಕೊಡೋ ಕಷ್ಟ ತಪ್ಪುತ್ತೆ. ಪಾಪ, ನೊಂದವರು, ಕೂಗ್ತಾರೆ ಅಂದರೆ ಮುಗೀತು. ಹೊಳಪು ಒಪ್ಪಿಕೊಂಡರೆ ಆ ಬುದ್ಧಿಗೆ ಎದುರು ನಿಲ್ಲಬೇಕಾಗುತ್ತೆ.

ನಾನು ಗುಮಾಸ್ತ. ಟಿಪ್ಪಣಿಯಲ್ಲಿ ಒಂದು ಪದ ಆಚೀಚೆ ಆದ್ರೂ ಸಾಹೇಬರು ಫೈಲು ವಾಪಸ್ ಕಳಿಸ್ತಾರೆ. ನಮ್ಮ ಹುಡುಗ ಹುಡುಗಿಯರಿಗೆ ಹೇಳೋದಿಷ್ಟೇ: ನಿಮ್ಮ ಬರಹಕ್ಕೆ ಯಾರಾದರೂ ಬರೀ 'ಆಕ್ರೋಶ' ಅಂತ ಷರಾ ಬರೆದರೆ, ನೀವೂ ಫೈಲು ವಾಪಸ್ ಕಳಿಸಿ.