ಲಾಲ್‌ಬಾಗಿನ ಕೋವಿದಾರ

ಕಳೆದ ಚೈತ್ರಮಾಸದ ಕೊನೆಯಲ್ಲಿ ಮಗಳ ಮನೆಗೆಂದು ತುಮಕೂರಿನಿಂದ ಬೆಂಗಳೂರಿಗೆ ಹೋಗಿದ್ದೆನು. ಒಂದು ಪ್ರಾತಃಕಾಲ ಮೊಮ್ಮಗಳನ್ನು ಕರೆದುಕೊಂಡು ಲಾಲ್‌ಬಾಗಿಗೆ ಹೊರಟೆನು. 1760ರಲ್ಲಿ ಹೈದರಾಲಿಯು ಆರಂಭಿಸಿದ ಈ ಉದ್ಯಾನವು ಈಗ ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿರುವುದು. ಕೆಂಪೇಗೌಡರ ಗೋಪುರವಿರುವ ಪುರಾತನ ಬಂಡೆಯನ್ನೇರಿ ಇಳಿದು, 1889ರಲ್ಲಿ ಅಸ್ತಿಭಾರವನ್ನು ಪಡೆದ ಗಾಜಿನ ಮನೆಯನ್ನು ಮಗುವಿಗೆ ತೋರಿಸಿದೆನು. ಆದರೆ ನನ್ನ ಕಣ್ಣು ಅರಸುತ್ತಿದ್ದುದು ಬೇರೊಂದನ್ನು. ನಮ್ಮವರು ಬಸವನಪಾದವೆಂದೂ ಮಂದಾರವೆಂದೂ ಕರೆಯುವ ಕೋವಿದಾರ ವೃಕ್ಷವೇ ಅದು.

ರಾಮಾಯಣದಲ್ಲಿ ಭರತನ ರಥದ ಧ್ವಜದ ಮೇಲಿದ್ದುದು ಈ ಕೋವಿದಾರವೇ. ಅಮರಸಿಂಹನು ಇದಕ್ಕೆ ಯುಗಪತ್ರಕವೆಂಬ ಹೆಸರನ್ನೂ ಕೊಟ್ಟಿದ್ದಾನೆ. ಎಲೆಯು ತುದಿಯಲ್ಲಿ ಸೀಳಿ ಜೋಡಿಯಂತೆ ಕಾಣುವುದೇ ಅದಕ್ಕೆ ಕಾರಣ. ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞನಾದ ಲಿನೇಯಸನು ಬೌಹಿನ್ ಎಂಬ ಸೋದರರಿಬ್ಬರ ನೆನಪಿಗಾಗಿ ಇದರ ಕುಲವನ್ನು ಬೌಹಿನಿಯಾ ಎಂದು ಕರೆದನು. ಅಮೆರಿಕದ ರೆಡ್‌ಬಡ್ ಎಂಬ ಪುಟ್ಟ ಮರವು ಇದರ ದಾಯಾದಿ. ಅದರ ಎಲೆಯು ಸೀಳದೆ ಹೃದಯಾಕಾರವಾಗಿರುವುದು. ಅದೂ ವಸಂತದಲ್ಲಿ ಬರಿಗೊಂಬೆಯ ಮೇಲೆಯೇ ಹೂವನ್ನು ಬಿಡುವುದು.

ನಮ್ಮ ಮನೆಯಂಗಳದಲ್ಲಿಯೂ ನನ್ನ ಪತ್ನಿಯು ನೆಟ್ಟ ಒಂದು ಕೋವಿದಾರವಿದ್ದಿತು. ಎಳೆಯದಾಗಿದ್ದಾಗಲೇ ಅದು ಸಮನಾದ ಎರಡು ಕಾಂಡಗಳಾಗಿ ಕವಲೊಡೆಯಿತು. “ಒಂದನ್ನು ತೆಗೆಸಿಬಿಡೋಣ ಅಂದ್ರೆ” ಎಂದು ಆಕೆ ಎರಡು ಸಲ ಹೇಳಿದಳು. ಹಸಿರು ಕೊಂಬೆಗೆ ಕತ್ತಿಯಿಡುವುದು ಪಾಪವೆಂದು ನಾನೇ ತಡೆದೆನು. ಆಕೆ ಹೋಗಿ ಆರು ವರ್ಷಗಳಾದವು. ಪ್ರತಿ ಫಾಲ್ಗುಣದಲ್ಲಿಯೂ ಮರವು ಹೂವಿನಿಂದ ತುಂಬುತ್ತಿದ್ದಿತು. ಹೋದ ವರ್ಷ ವೈಶಾಖದ ಬಿರುಗಾಳಿಗೆ ಅದು ಕವಲಿನಲ್ಲಿ ಸೀಳಿ ಬುಡದವರೆಗೂ ಹರಿಯಿತು. ಕಡಿಸದೆ ಗತ್ಯಂತರವಿರಲಿಲ್ಲ. ಅದರ ಬೀಜದಿಂದಲೇ ಹುಟ್ಟಿದ್ದ ಸಸಿಯೊಂದು ಮಾತ್ರ ಗೋಡೆಯ ಮಗ್ಗುಲಲ್ಲಿ ಉಳಿದಿದ್ದಿತು. ಅದೂ ಈಗ ಎದೆಯೆತ್ತರದಲ್ಲಿ ಎರಡಾಗಿ ಕವಲೊಡೆದಿದೆ.

ಉದ್ಯಾನದಲ್ಲಿ ವೃದ್ಧನಾದ ತೋಟಗಾರನೊಬ್ಬನು ಅಂಥದೇ ಎಳೆಯ ಗಿಡದ ಬಳಿ ಕುಳಿತಿದ್ದನು. ನನ್ನ ಕಥೆಯನ್ನು ಕೇಳಿ ಅವನು ಹೇಳಿದನು: “ಸ್ವಾಮಿ, ಎರಡು ತಲೆ ಬಿಟ್ಟರೆ ಎರಡೂ ದಪ್ಪವಾಗ್ತವೆ. ನಡುವಿನ ತೊಗಟೆ ಒಳಗೇ ಸಿಕ್ಕಿಕೊಳ್ತದೆ; ಮರಕ್ಕೆ ಮರ ಬೆಸೆಯೋದಿಲ್ಲ. ಹೊರಗೆ ಗಟ್ಟಿ, ಒಳಗೆ ಬಿರುಕು. ಬೆರಳಿನಷ್ಟಿದ್ದಾಗ ಕತ್ತರಿ ಸಾಕು, ತೊಡೆಯಷ್ಟಾದಾಗ ಕೊಡಲಿ ಬೇಕು.”

ಅವನು ತೋರಿಸಿಕೊಟ್ಟ ಕ್ರಮವನ್ನು ಗಿಡ ಬೆಳೆಸುವ ಗೃಹಿಣಿಯರಿಗಾಗಿ ಇಲ್ಲಿ ಬರೆಯುತ್ತೇನೆ. ಹೂವಿನ ಕಾಲವು ಮುಗಿದೊಡನೆಯೇ ಸವರಬೇಕು. ತಡವಾಗಿ ಸವರಿದರೆ ಮುಂದಿನ ವರ್ಷದ ಹೂವು ನಷ್ಟವಾಗುವುದು. ನೇರವಾದ ಕಾಂಡವೊಂದನ್ನು ನಾಯಕನನ್ನಾಗಿ ಆರಿಸಿಕೊಂಡು, ಅದರೊಡನೆ ಸ್ಪರ್ಧಿಸುವುದನ್ನು ತೆಗೆಯಬೇಕು. ಕೊಂಬೆಯು ಕಾಂಡವನ್ನು ಸೇರುವಲ್ಲಿ ಕೊರಳಪಟ್ಟಿಯಂತೆ ಉಬ್ಬಿರುವುದು. ಆ ಉಬ್ಬಿಗೆ ಘಾಸಿಯಾಗದಂತೆ, ಮೋಟನ್ನೂ ಉಳಿಸದಂತೆ, ಅದರ ಹೊರಗೆ ಕತ್ತರಿಸಬೇಕು. ಗಾಯಕ್ಕೆ ಸೆಗಣಿಯನ್ನಾಗಲಿ ಬಣ್ಣವನ್ನಾಗಲಿ ಬಳಿಯಬೇಕಾಗಿಲ್ಲ. ಗಿಡವೇ ಸುತ್ತಲಿಂದ ಹೊಸ ಅಂಚನ್ನು ಬೆಳೆಸಿ ಅದನ್ನು ಮುಚ್ಚಿಕೊಳ್ಳುವುದು. ಒಂದು ವರ್ಷದಲ್ಲಿ ಕಾಲುಭಾಗಕ್ಕಿಂತ ಹೆಚ್ಚಾಗಿ ಸೊಪ್ಪನ್ನು ತೆಗೆಯಬಾರದು. ಕೆಳಗಿನ ಸಣ್ಣ ಕೊಂಬೆಗಳನ್ನು ಕೆಲವು ಕಾಲ ಬಿಟ್ಟರೆ ಕಾಂಡವು ದಪ್ಪವಾಗುವುದು. ಆಸರೆಯ ಗೂಟಕ್ಕೆ ಸಡಿಲವಾಗಿ ಕಟ್ಟಬೇಕು; ಗಾಳಿಗೆ ತುಸು ತೂಗಾಡಿದರೇನೇ ಗಿಡಕ್ಕೆ ಬಲ. ಬೇರೂರಿದ ಮೇಲೆ ಗೂಟವನ್ನು ಕಿತ್ತುಬಿಡಬೇಕು.

ಮೂವತ್ತು ವರ್ಷಗಳ ಕಾಲ ಹುಡುಗರ ತಪ್ಪುಗಳನ್ನು ಕೆಂಪು ಮಸಿಯಿಂದ ತಿದ್ದಿದ ನಾನು, ಅಂಗಳದ ಗಿಡದ ವಿಷಯದಲ್ಲಿ ಮಾತ್ರ ದಯಾಳುವಾದೆನು. ಅದು ದಯೆಯಲ್ಲ, ನನ್ನ ಮನಸ್ಸಿನ ನೋವನ್ನು ತಪ್ಪಿಸಿಕೊಳ್ಳುವ ಉಪಾಯವಷ್ಟೇ ಎಂಬುದು ಆ ದಿನ ಹೊಳೆಯಿತು. ನಾನು ಉಳಿಸಿದ ನೋವನ್ನು ಮರವು ಬಡ್ಡಿಸಹಿತವಾಗಿ ತೆತ್ತಿತು.

ಮೊಮ್ಮಗಳೊಡನೆ ಊರಿಗೆ ಹಿಂದಿರುಗಿದ ಮರುದಿನವೇ ಕತ್ತರಿಯನ್ನು ಬಿಸಿನೀರಿನಲ್ಲಿ ತೊಳೆದು ಗಿಡದ ಮುಂದೆ ನಿಂತೆನು. ಕೈ ನಡುಗಿತು. “ತಾತ, ಗಿಡಕ್ಕೆ ನೋಯುತ್ತಾ?” ಎಂದು ಮಗುವು ಕೇಳಿತು. “ಈಗ ಸ್ವಲ್ಪ ತಾಳಿಕೊಂಡರೆ ಮುಂದೆ ಸೀಳುವುದಿಲ್ಲವಮ್ಮ” ಎಂದೆನು. ಕಿರುಬೆರಳಿಗಿಂತ ತುಸು ದಪ್ಪವಾಗಿದ್ದ ಕವಲು ಒಂದೇ ಪಟ್ಟಿಗೆ ಕೆಳಗೆ ಬಿದ್ದಿತು. ಮಗುವು ಅದರಿಂದ ಒಂದು ಜೋಡಿ ಎಲೆಯನ್ನು ಕಿತ್ತು, ಮಡಿಸಿ, ಅಜ್ಜಿಯ ಪಟದ ಮುಂದೆ ಇಟ್ಟಿತು. ಹತ್ತು ವರ್ಷಗಳ ಹಿಂದೆ ಆಕೆ ಹೇಳಿದ ಕೆಲಸವನ್ನು ನಾನು ಅಂದು ಮಾಡಿ ಮುಗಿಸಿದೆನು.